ಇಷ್ಟೆಲ್ಲ ಆದ ಮೇಲೆ ಯಹೂದ್ಯರ ರಬ್ಬಿಗಳು ಏನು ಹೇಳಿದರು?

ಬಯಲುಸೀಮೆ

ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದರು. ಅವರಲ್ಲಿ ಎಷ್ಟೋ ಜನ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ತಪ್ಪಿಸದವರು. ಯುದ್ಧದ ಬಗ್ಗೆ, ಶಿಬಿರಗಳ ಬಗ್ಗೆ ನಾವೆಲ್ಲ ಅಷ್ಟೋ ಇಷ್ಟೋ ಓದಿರುತ್ತೇವೆ. ಆದರೆ ಅವರ ಧರ್ಮದ ಒಳಗೆ ಏನಾಯಿತು? ಅವರ ಧರ್ಮಗುರುಗಳಾದ ರಬ್ಬಿಗಳು 'ನಮ್ಮ ಪಾಪಕ್ಕೆ ಶಿಕ್ಷೆ' ಅಂದರಾ? ದೇವರನ್ನೇ ಬಿಟ್ಟರಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಇವತ್ತಿನ ಇಸ್ರೇಲ್ ರಾಜಕೀಯ ದಯವಿಟ್ಟು ಇಲ್ಲಿಗೆ ತರಬೇಡಿ.

ಹಳೇ ಓದುಗ

'ಪಾಪಕ್ಕೆ ಶಿಕ್ಷೆ' ಅನ್ನುವುದೇ ಅವರ ಹಳೆಯ ಉತ್ತರ. ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಓದಿ. ಮಾತು ಕೇಳಿದರೆ ಆಶೀರ್ವಾದ, ಕೇಳದಿದ್ದರೆ ಪುಟಗಟ್ಟಲೆ ಶಾಪ. ಬಾಬೆಲಿನವರು ಜೆರುಸಲೇಮಿನ ದೇವಾಲಯ ಸುಟ್ಟಾಗಲೂ ಇದನ್ನೇ ಹೇಳಿಕೊಂಡರು. ಕ್ರಿ.ಶ. 70ರಲ್ಲಿ ರೋಮನ್ನರು ಎರಡನೇ ದೇವಾಲಯ ಕೆಡವಿದಾಗಲೂ ಇದನ್ನೇ ಹೇಳಿಕೊಂಡರು. 'ನಮ್ಮ ಪಾಪಗಳ ದೆಸೆಯಿಂದ ನಮ್ಮ ನಾಡಿನಿಂದ ಹೊರಬಿದ್ದೆವು' ಅಂತ ಹಬ್ಬದ ಪ್ರಾರ್ಥನೆಯಲ್ಲಿ ಈಗಲೂ ಹೇಳುತ್ತಾರೆ. ಕೇಳಲು ಕ್ರೂರ. ಆದರೆ ಸೋತ ಜನಕ್ಕೆ ಅದರಿಂದ ಒಂದು ಉಪಕಾರವೂ ಇತ್ತು. ಸೋತದ್ದು ನಾವು, ನಮ್ಮ ದೇವರಲ್ಲ. ತಪ್ಪು ನಮ್ಮದಾದರೆ ತಿದ್ದಿಕೊಳ್ಳುವ ದಾರಿಯೂ ನಮ್ಮ ಕೈಯಲ್ಲೇ ಇದೆ.

ಅದೇ ಗ್ರಂಥದಲ್ಲಿ ಇದಕ್ಕೆ ಎದುರು ಮಾತೂ ಇದೆ. 44ನೇ ಕೀರ್ತನೆಯಲ್ಲಿ ಜನ ದೇವರಿಗೇ ಜೋರು ಮಾಡುತ್ತಾರೆ. ನಾವು ನಿನ್ನನ್ನು ಮರೆತಿಲ್ಲ, ಆದರೂ ನಮ್ಮನ್ನು ಕುರಿಗಳ ಹಾಗೆ ಕೊಲ್ಲುತ್ತಿದ್ದಾರೆ, ಏಳು, ಯಾಕೆ ಮಲಗಿದ್ದೀ ಅಂತ. ಯೋಬನ ಕಥೆಯ ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ಬೈದಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಗೆಳೆಯರ ಮೇಲೆ. ಆಗಿನಿಂದಲೂ ಈ ಎರಡು ಮಾತು ಜೊತೆಗೇ ಬಂದಿವೆ.

ಈಗ ಪೋಲೆಂಡಿನ ವಾರ್ಸಾಕ್ಕೆ ಬನ್ನಿ. ಕಲೊನಿಮಸ್ ಕಲ್ಮನ್ ಶಪೀರಾ ಅಂತ ಒಬ್ಬ ಹಸಿದಿ, ಅಂದರೆ ಯಹೂದ್ಯ ಭಕ್ತಿಪಂಥದ, ಗುರು. ವಾರ್ಸಾ ಹತ್ತಿರದ ಪಿಯಾಸೆಚ್ನೋ ಊರಿನ ರೆಬ್ಬೆ, ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಪುಸ್ತಕ ಬರೆದಿದ್ದವರು. 1939ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಅವರ ಒಬ್ಬನೇ ಮಗ ತೀರಿಕೊಂಡ. ಸೊಸೆಯೂ ಹೋದಳು. ಕೆಲವೇ ವಾರದಲ್ಲಿ ತಾಯಿಯೂ ಹೋದರು. ಆಮೇಲೂ 1942ರ ಜುಲೈವರೆಗೆ ಅವರು ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನಗಳಲ್ಲಿ, ಹಬ್ಬಗಳಲ್ಲಿ ಪ್ರವಚನ ಮಾಡುತ್ತಲೇ ಬಂದರು. ಸಬ್ಬತ್ ಮುಗಿದ ಮೇಲೆ ನೆನಪಿನಿಂದ ಬರೆದಿಡುತ್ತಿದ್ದರು. ಆ ಹಾಳೆಗಳು ನೆಲದಲ್ಲಿ ಹೂತಿಟ್ಟಿದ್ದರಿಂದ ಉಳಿದವು. 1960ರಲ್ಲಿ ಜೆರುಸಲೇಮಿನಲ್ಲಿ ಅಚ್ಚಾದವು.

ಮಗ ಹೋಗಿ ತಿಂಗಳು ಕಳೆದಿರಬಹುದು, 1939ರ ನವೆಂಬರಿನಲ್ಲಿ ಅವರು ಸಾರಳ ಸಾವಿನ ಬಗ್ಗೆ ಮಾತಾಡುತ್ತಾರೆ. ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೊರಟ ಸುದ್ದಿ ಕೇಳಿಯೇ ತಾಯಿ ಸಾರಳ ಪ್ರಾಣ ಹೋಯಿತು ಅಂತ ಹಳೆಯ ವ್ಯಾಖ್ಯಾನ. ಶಪೀರಾ ಇದಕ್ಕೆ ಒಂದು ತಿರುವು ಕೊಡುತ್ತಾರೆ. ಸಾರಳ ಸಾವು ಒಂದು ಪ್ರತಿಭಟನೆ. ಇಷ್ಟು ನೋವನ್ನು ಮನುಷ್ಯರು ತಡೆಯಲಾರರು ಅಂತ ಅವಳು ದೇವರಿಗೆ ಸತ್ತು ತೋರಿಸಿದಳು. ಎದುರು ಕೂತವರಿಗೆಲ್ಲ ಗೊತ್ತು, ಹೇಳುತ್ತಿರುವ ಮನುಷ್ಯ ಈಗಷ್ಟೇ ಮಗನನ್ನು ಮಣ್ಣು ಮಾಡಿ ಬಂದಿದ್ದಾನೆ ಅಂತ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಒಂದು ಅಂಚಿನ ಟಿಪ್ಪಣಿ. 1941ರ ಡಿಸೆಂಬರ್, ಹನುಕ್ಕಾ ಹಬ್ಬದ ಪ್ರವಚನ. ಇಂಥ ಕಷ್ಟ ನಮ್ಮ ಜನಕ್ಕೆ ಹಿಂದೆಂದೂ ಬಂದಿರಲಿಲ್ಲ ಅನ್ನುವವರನ್ನು ಶಪೀರಾ ಅಲ್ಲಿ ತಿದ್ದುತ್ತಾರೆ. ದೇವಾಲಯ ಬಿದ್ದಾಗ ಇರಲಿಲ್ವಾ, ರೋಮನ್ನರ ಎದುರು ಬಂಡೆದ್ದವರ ಬೇತಾರ್ ಕೋಟೆ ಬಿದ್ದಾಗ ಇರಲಿಲ್ವಾ, ಆಗಲೂ ನಂಬಿಕೆ ಉಳಿಯಿತಲ್ಲ ಅನ್ನುತ್ತಾರೆ. ಮುಂದಿನ ವರ್ಷ ಜುಲೈ 22ರಿಂದ ಸೆಪ್ಟೆಂಬರ್ 21ರೊಳಗೆ ಯಹೂದ್ಯರನ್ನು ಕೂಡಿಹಾಕಿದ್ದ ವಾರ್ಸಾ ಗೆಟ್ಟೊದಿಂದ ಸುಮಾರು 2,65,000 ಜನರನ್ನು ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ಸಾಗಿಸಿದರು. ನವೆಂಬರ್ 27ರಂದು ಶಪೀರಾ ಆ ಹಳೆಯ ಹಾಳೆ ತೆಗೆದು ಪಕ್ಕದಲ್ಲಿ ಬರೆಯುತ್ತಾರೆ. ಆ ಮಾತು ಕಳೆದ ಯಹೂದಿ ವರ್ಷದ ಕೊನೆಯವರೆಗೆ ಮಾತ್ರ ಸರಿ, ಆಮೇಲೆ ನಡೆದದ್ದಕ್ಕೆ ನಾನು ಬಲ್ಲ ಶಾಸ್ತ್ರದಲ್ಲಿ, ನಮ್ಮ ಇತಿಹಾಸದಲ್ಲಿ ಸರಿಸಾಟಿ ಇಲ್ಲ ಅಂತ. ಮೊದಲು ಬರೆದದ್ದನ್ನು ಹರಿದು ಹಾಕಲಿಲ್ಲ. ಎರಡನ್ನೂ ಹಾಗೇ ಬಿಟ್ಟರು. 'ಹಿಂದೆಯೂ ಹೀಗೇ ಆಗಿತ್ತು' ಅನ್ನುವ ಸಮಾಧಾನದ ಮೇಲೆ ಎರಡು ಸಾವಿರ ವರ್ಷ ನಿಂತಿದ್ದ ವಿವರಣೆ ಆ ಹಾಳೆಯಲ್ಲಿ ನಿಂತುಹೋಯಿತು ಅನ್ನುವುದು ನನ್ನ ಓದು. ಮುಂದಿನ ವರ್ಷ ನವೆಂಬರಿನಲ್ಲಿ ಲುಬ್ಲಿನ್ ಕಡೆಯ ತ್ರಾವ್ನಿಕಿ ಶಿಬಿರದಲ್ಲಿ ಅವರನ್ನೂ ಕೊಂದರು.

ಸುಮ್ನೆ ಕೇಳ್ದೆ

ಇಷ್ಟಾದ ಮೇಲೂ ಅವರಿಗೆ ನಂಬಿಕೆ ಇತ್ತಾ? ಅಥವಾ ಜನರ ಮುಂದೆ ಸುಮ್ನೆ ಧೈರ್ಯ ಹೇಳುತ್ತಿದ್ದರಾ?

ಹಳೇ ಓದುಗ

ಧೈರ್ಯ ಹೇಳುವುದು ಅವರ ಕೆಲಸವೇ ಆಗಿತ್ತಲ್ಲ. ಆದರೆ ಕೊನೆಯ ವರ್ಷದ ಪ್ರವಚನಗಳಲ್ಲಿ ಸ್ವರ ಬದಲಾಗುತ್ತದೆ. ಶಿಕ್ಷೆಯ ಮಾತು ಹಿಂದೆ ಸರಿದು ದೇವರ ಅಳು ಮುಂದೆ ಬರುತ್ತದೆ. ದೇವರು ಯಾರಿಗೂ ಕಾಣದ ಒಳಕೋಣೆಯಲ್ಲಿ ಕೂತು ಅಳುತ್ತಾನೆ ಅಂತ ತಲ್ಮೂದ್ ಎಂಬ ಅವರ ಹಳೆಯ ಧರ್ಮಗ್ರಂಥದಲ್ಲಿ ಒಂದು ಮಾತಿದೆ. ಆ ಅಳು ಹೊರಗೆ ಕೇಳಿಸಿದರೆ ಲೋಕವೇ ಉಳಿಯುವುದಿಲ್ಲ, ಅದಕ್ಕೇ ಒಳಗೆ ಅಳುತ್ತಾನೆ ಅನ್ನುತ್ತಾರೆ ಶಪೀರಾ. ಮನುಷ್ಯ ಒಬ್ಬನೇ ಕೂತು ಅತ್ತರೆ ಮುರಿದುಹೋಗುತ್ತಾನೆ, ಏನೂ ಮಾಡಲಾಗದವನಾಗುತ್ತಾನೆ. ದೇವರ ಜೊತೆ ಕೂತು ಅತ್ತರೆ ಓದುವ, ಸೇವೆ ಮಾಡುವ ಬಲ ಬರುತ್ತದೆ. ಇದು 1942ರ ಮಾರ್ಚಿನ ಮಾತು.

ಸುಮ್ನೆ ಕೇಳ್ದೆ

ಅಳುವ ದೇವರಿಂದ ಏನು ಉಪಯೋಗ ಅಂತ ಕೇಳಿದರೆ ಒರಟಾಯಿತೇನೋ. ಆದರೂ ಕೇಳುತ್ತಿದ್ದೇನೆ.

ದಡದ ಮರಳು

ಒರಟೇನಿಲ್ಲ, ಹಾನ್ಸ್ ಯೋನಸ್ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಜರ್ಮನಿಯಲ್ಲಿ ಹುಟ್ಟಿದ ತತ್ವಜ್ಞಾನಿ, ಅವರ ತಾಯಿಯನ್ನು ಆಶ್‌ವಿಟ್ಜ್ ಶಿಬಿರದಲ್ಲಿ ಕೊಂದರು. 1984ರಲ್ಲಿ ಟ್ಯೂಬಿಂಗೆನ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ದೇವರು ಒಳ್ಳೆಯವನು, ಸರ್ವಶಕ್ತ, ಮತ್ತು ನಮಗೆ ಅರ್ಥವಾಗುವವನು, ಈ ಮೂರೂ ಒಟ್ಟಿಗೆ ನಿಲ್ಲುವುದಿಲ್ಲ, ಒಂದನ್ನು ಬಿಡಲೇಬೇಕು ಅಂದರು. ಅವರು ಬಿಟ್ಟದ್ದು ಸರ್ವಶಕ್ತಿಯನ್ನು. ಲೋಕ ಸೃಷ್ಟಿಸುವಾಗಲೇ ದೇವರು ತನ್ನ ಬಲವನ್ನೆಲ್ಲ ಕೊಟ್ಟುಬಿಟ್ಟ, ಇನ್ನು ಕೊಡುವ ಸರದಿ ನಮ್ಮದು ಅನ್ನುವ ವಾದ.

ಇದು ಪೂರ್ತಿ ಹೊಸದೂ ಅಲ್ಲ. 16ನೇ ಶತಮಾನದಲ್ಲಿ ಸಫೇದ್ ಊರಿನ ಇಸಾಕ್ ಲೂರಿಯಾ ಇಂಥದ್ದನ್ನು ಹೇಳಿದ್ದರು. ಸೃಷ್ಟಿಗೆ ಜಾಗ ಮಾಡಲು ದೇವರು ತನ್ನೊಳಗೇ ಹಿಂದೆ ಸರಿದ, ಬೆಳಕು ತುಂಬಿದ ಪಾತ್ರೆಗಳು ಒಡೆದವು, ಆ ಕಿಡಿಗಳನ್ನು ಹೆಕ್ಕುವುದೇ ಮನುಷ್ಯನ ಕೆಲಸ ಅಂತ. 1492ರಲ್ಲಿ ಸ್ಪೇನಿನಿಂದ ಯಹೂದ್ಯರನ್ನು ಓಡಿಸಿದ ನೋವೇ ಈ ಕಥೆಯಾಯಿತು ಅಂತ ವಿದ್ವಾಂಸ ಗೆರ್ಶೋಮ್ ಶೋಲೆಮ್ ವಾದಿಸಿದರು. ಆಮೇಲೆ ಬಂದ ಮೋಶೆ ಇಡೆಲ್ ಒಪ್ಪಲಿಲ್ಲ. ನನಗೂ ಶೋಲೆಮ್ ಹೇಳಿದ್ದು ಸ್ವಲ್ಪ ಜಾಸ್ತಿ ಸಲೀಸು ಅನ್ನಿಸುತ್ತದೆ.

ಗೋಧೂಳಿ

ನಮ್ಮ ಕಡೆ ಆದರೆ 'ಪೂರ್ವಜನ್ಮದ ಕರ್ಮ' ಅಂದು ಮುಗಿಸಿಬಿಡುತ್ತಾರೆ. ಅವರಲ್ಲಿ ಪುನರ್ಜನ್ಮ ಇಲ್ಲ ಅಲ್ವಾ?

ದಡದ ಮರಳು

ಕಬ್ಬಾಲಾ ಎಂಬ ಅವರ ಅನುಭಾವ ಪರಂಪರೆಯಲ್ಲಿ ಇದೆ. ಅದೇ ಒಮ್ಮೆ ದೊಡ್ಡ ರಂಪವೂ ಆಯಿತು. 2000ದ ಆಗಸ್ಟ್‌ನಲ್ಲಿ ಇಸ್ರೇಲಿನ ಮಾಜಿ ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ ಒಂದು ಪ್ರವಚನದಲ್ಲಿ, ಆ 60 ಲಕ್ಷ ಜನ ಹಿಂದಿನ ಪಾಪಿಗಳ ಆತ್ಮಗಳು, ಪ್ರಾಯಶ್ಚಿತ್ತಕ್ಕಾಗಿ ಮತ್ತೆ ಹುಟ್ಟಿ ಬಂದವರು ಎಂಬ ಅರ್ಥದ ಮಾತಾಡಿದರು. ಬದುಕಿ ಉಳಿದವರು ಸಿಡಿದೆದ್ದರು. ಬೇಸರ ಮಾಡಿಸುವ ಉದ್ದೇಶ ಇರಲಿಲ್ಲ ಅಂತ ಆಮೇಲೆ ಸಮಜಾಯಿಷಿ ಬಂತು. ಆ ರಬ್ಬಿ ಸತ್ತವರನ್ನು ಹಳಿಯಲು ಹೊರಟವರಲ್ಲ, ಸತ್ತ ಮಕ್ಕಳು ನಿರಪರಾಧಿಗಳು ಅಂತ ಒಪ್ಪಿಕೊಂಡೇ ದೇವರನ್ನೂ ಉಳಿಸಲು ನೋಡಿದರು. ಹಾಗೆ ನೋಡಿದರೆ ನಿಮ್ಮ ಕರ್ಮದ ಮಾತಿಗೂ ಅದಕ್ಕೂ ದೂರವೇನಿಲ್ಲ. ಕೇಳಿಸಿಕೊಳ್ಳುವ ತಾಯಿಗೆ ಎರಡೂ ಒಂದೇ ಥರ ಕೇಳಿಸುತ್ತವೆ.

ಎಡಬದಿಯ ಬೆಂಚು

ಹಳೇ ಓದುಗರೇ, ನಿಮ್ಮ ಕಥೆ ಚೆನ್ನಾಗಿದೆ, ಆದರೆ 'ಹಳೆಯ ವಿವರಣೆ ನಿಂತುಹೋಯಿತು' ಅನ್ನುವುದು ಇತಿಹಾಸಕ್ಕೆ ಹೊಂದುವುದಿಲ್ಲ. ಅದು ನಿಲ್ಲಲಿಲ್ಲ, ಇನ್ನೂ ಗಟ್ಟಿಯಾಯಿತು. ಸತ್ಮಾರ್ ಹಸಿದಿಗಳ ಗುರು ಯೋಯೆಲ್ ಟೈಟೆಲ್‌ಬೌಮ್ ನೋಡಿ. 1944ರಲ್ಲಿ ನಾಜಿಗಳಿಗೆ ಹಣ ತೆತ್ತು ಹಂಗೆರಿಯಿಂದ ಹೊರಡಿಸಿದ ಕಾಸ್ಟ್‌ನರ್ ರೈಲಿನಲ್ಲಿ ಬದುಕಿ ಉಳಿದವರು, ಆಮೇಲೆ ಬ್ರೂಕ್ಲಿನ್‌ನಲ್ಲಿ ದೊಡ್ಡ ಸಮುದಾಯ ಕಟ್ಟಿದವರು. ಅವರ ಪ್ರಕಾರ ಕಾರಣ ಝಿಯೋನಿಸಂ, ಅಂದರೆ ಯಹೂದ್ಯರು ತಮ್ಮ ಹಳೆಯ ನಾಡಿಗೆ ಮರಳಿ ಸ್ವಂತ ರಾಜ್ಯ ಕಟ್ಟಬೇಕು ಅನ್ನುವ ಚಳವಳಿ. ದೇವರು ಕರೆಯುವ ಮೊದಲೇ ಒಟ್ಟಾಗಿ ನುಗ್ಗಿ ನಾಡು ಹಿಡಿಯಬಾರದು ಅಂತ ತಲ್ಮೂದಿನಲ್ಲಿ ಮೂರು ಆಣೆಗಳಿವೆ, ಅದನ್ನು ಮುರಿದದ್ದಕ್ಕೆ ಈ ಶಿಕ್ಷೆ ಅಂತ.

ಈಗ ಇದರ ಎದುರು ಯಿಸ್ಸಾಖರ್ ಶ್ಲೋಮೋ ಟೈಖ್ತಾಲ್ ಅವರನ್ನು ಇಡಿ. ಅದೇ ಪ್ರದೇಶ, ಅದೇ ಕಾಲ. ಮೊದಲು ಅವರೂ ಝಿಯೋನಿಸಂ ವಿರೋಧಿ. ಬುಡಾಪೆಸ್ಟಿನಲ್ಲಿ ಅಡಗಿಕೊಂಡಿದ್ದಾಗ, ಕೈಯಲ್ಲಿ ಗ್ರಂಥಗಳಿಲ್ಲದೆ ನೆನಪಿನಿಂದಲೇ ಒಂದು ದೊಡ್ಡ ಪುಸ್ತಕ ಬರೆದು 1943ರಲ್ಲಿ ಅಚ್ಚು ಹಾಕಿಸಿದರು. ಅವರ ತೀರ್ಮಾನ ನೇರ ಉಲ್ಟಾ. ನಾಡಿಗೆ ಮರಳದೆ ಪರದೇಶದಲ್ಲೇ ಕೂತಿದ್ದೇ ತಪ್ಪು, ಹೋಗಬೇಡಿ ಅಂತ ತಡೆದ ರಬ್ಬಿಗಳ ಮೇಲೇ ಆ ರಕ್ತ ಅಂತ. 1945ರ ಜನವರಿಯಲ್ಲಿ ಶಿಬಿರದಿಂದ ಶಿಬಿರಕ್ಕೆ ಸಾಗಿಸುವ ರೈಲಿನಲ್ಲಿ ಸತ್ತರು.

ಒಂದೇ ಬೆಂಕಿ, ಎರಡು ಉಲ್ಟಾ ಪಾಪಗಳು. ನಾನು ನಾಸ್ತಿಕ, ನನಗೆ ಇಷ್ಟು ಸಾಕು.

ಹಳೇ ಓದುಗ

ಒಪ್ಪಿದೆ, ಎಲ್ಲರಲ್ಲೂ ನಿಲ್ಲಲಿಲ್ಲ. ಆದರೆ ನೀವು ಕೊಟ್ಟ ಜೋಡಿಯೇ ನನ್ನ ಪರವಾಗಿದೆ. ಶಿಕ್ಷೆಯ ತರ್ಕ ಯಾವ ಪಾಪಕ್ಕೆ ಬೇಕಾದರೂ ಹೊಂದುತ್ತದೆ ಅಂದಮೇಲೆ ಅದು ಹೇಳುವುದು ಸತ್ತವರ ಬಗ್ಗೆ ಅಲ್ಲ, ಹೇಳುವವರ ಜಗಳದ ಬಗ್ಗೆ.

ಆ ತರ್ಕವನ್ನು ಪಟ್ಟಾಗಿ ಹಿಡಿದು ಕೊನೆವರೆಗೂ ಹೋದವರು ರಿಚರ್ಡ್ ರೂಬೆನ್‌ಸ್ಟೈನ್, ಅಮೆರಿಕದ ರಬ್ಬಿ. 1961ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಹೈನ್‌ರಿಖ್ ಗ್ರೂಬರ್ ಎಂಬ ಪಾದ್ರಿಯನ್ನು ಭೇಟಿಯಾದರು. ಗ್ರೂಬರ್ ಕೆಟ್ಟ ಮನುಷ್ಯ ಅಲ್ಲ. ಯಹೂದ್ಯರಿಗೆ ಸಹಾಯ ಮಾಡಿ ತಾವೇ ಶಿಬಿರ ಕಂಡವರು, ಯಹೂದ್ಯರ ಸಾಗಣೆ ನಡೆಸಿದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದವರು. ಅವರು ಹೇಳಿದ್ದು, ಹಿಂದೆ ದೇವಾಲಯ ಸುಟ್ಟ ಬಾಬೆಲಿನ ರಾಜ ನೆಬೂಕದ್ನೆಚ್ಚರನಂತೆ ಹಿಟ್ಲರನೂ ದೇವರ ಕೈಯ ಕೋಲು ಅಂತ. ರೂಬೆನ್‌ಸ್ಟೈನ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಾಯಿತು. ಯಾಕೆಂದರೆ ಇದು ಹೊರಗಿನ ಮಾತಲ್ಲ, ತಮ್ಮದೇ ಪ್ರಾರ್ಥನೆ ಪುಸ್ತಕದ ತರ್ಕ. ಇತಿಹಾಸ ನಡೆಸುವ ದೇವರು, ಅವನು ಆರಿಸಿಕೊಂಡ ಜನ, ಈ ಎರಡನ್ನೂ ಒಪ್ಪಿದರೆ ಹಿಟ್ಲರನನ್ನೂ ಒಪ್ಪಬೇಕಾಗುತ್ತದೆ. ಹಾಗಾಗಿ 1966ರ ಪುಸ್ತಕದಲ್ಲಿ ಆ ದೇವರನ್ನೇ ಬಿಟ್ಟರು. ಹಬ್ಬ, ಆಚರಣೆ, ಸಮುದಾಯ ಮಾತ್ರ ಬಿಡಲಿಲ್ಲ. ದೇವರಿಲ್ಲದ ಲೋಕದಲ್ಲಿ ಅವು ಇನ್ನೂ ಜಾಸ್ತಿ ಬೇಕು ಅಂದರು.

ಗೋಧೂಳಿ

ದೇವರನ್ನು ಬಿಟ್ಟು ಹಬ್ಬ ಇಟ್ಟುಕೊಂಡರು ಅಂದರೆ ನಮ್ಮ ಮನೆಯ ಅರ್ಧ ಜನ ರೂಬೆನ್‌ಸ್ಟೈನ್ ಶಿಷ್ಯರೇ 😄

ನಿರ್ವಾಹಕ

ರಾಜಕೀಯದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮೂಲ ಪ್ರಶ್ನೆಗೇ ಅಂಟಿಕೊಳ್ಳಿ.

ಕಾಗದದ ದೋಣಿ

ನಾನು ತತ್ವಶಾಸ್ತ್ರದ ವಿದ್ಯಾರ್ಥಿ. ಪಠ್ಯದಲ್ಲಿ ಮೊದಲು ಸಿಗುವ ಹೆಸರು ಎಮಿಲ್ ಫಾಕೆನ್‌ಹೈಮ್. ಅವರೂ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಇದ್ದು ಬಂದವರು. ಯಹೂದ್ಯರಿಗೆ 613 ಆಜ್ಞೆಗಳು, ಇನ್ನು 614ನೆಯದು ಸೇರಿತು ಅಂದರು. ಹಿಟ್ಲರನಿಗೆ ಸತ್ತ ಮೇಲೂ ಗೆಲುವು ಕೊಡಬೇಡಿ. ಯಹೂದ್ಯರಾಗಿ ಉಳಿಯಿರಿ, ದೇವರ ಬಗ್ಗೆಯೂ ಲೋಕದ ಬಗ್ಗೆಯೂ ಕೈಚೆಲ್ಲಬೇಡಿ. ನನಗೆ ಇದು ಹಿಡಿಸಿತ್ತು. ಆದರೆ ಒಬ್ಬ ಕೊಲೆಗಾರನ ಮೇಲಿನ ಹಟಕ್ಕೆ ಧರ್ಮ ಪಾಲಿಸಿದರೆ, ಮೊಮ್ಮಕ್ಕಳ ಕಾಲಕ್ಕೆ ಆ ಹಟದಲ್ಲಿ ಏನು ಉಳಿಯುತ್ತದೆ?

ಎಲೀಯೆಜರ್ ಬೆರ್ಕೊವಿತ್ಸ್ ನನಗೆ ಹೆಚ್ಚು ನಂಬಿಕಸ್ಥ. ಬರ್ಲಿನ್‌ನಲ್ಲಿ ರಬ್ಬಿಯಾಗಿದ್ದು 1939ರಲ್ಲಿ ಹೊರಬಂದವರು. ಮನುಷ್ಯನಿಗೆ ಸ್ವಾತಂತ್ರ್ಯ ಇರಬೇಕಾದರೆ ದೇವರು ಮುಖ ಮರೆಮಾಡಿಕೊಳ್ಳಲೇಬೇಕು ಅನ್ನುವುದು ಅವರ ವಾದ. ವಾದ ಹಳೆಯದೇ. ಅವರ ಎಚ್ಚರಿಕೆ ಮಾತ್ರ ಬೇರೆ. ನಾವು ಯೋಬರಲ್ಲ, ಯೋಬನ ತಮ್ಮಂದಿರು. ಅಲ್ಲಿದ್ದು ನಂಬಿಕೆ ಉಳಿಸಿಕೊಂಡವರ ಎದುರು ಹೊರಗಿನವನು ಸುಲಭವಾಗಿ ನಾಸ್ತಿಕನಾಗುವಂತಿಲ್ಲ. ಅಲ್ಲಿ ನಂಬಿಕೆ ಕಳೆದುಕೊಂಡವರ ಎದುರು ಸುಲಭವಾಗಿ ಆಸ್ತಿಕನಾಗುವಂತೆಯೂ ಇಲ್ಲ.

ಎಡಬದಿಯ ಬೆಂಚು

ಆ ಮಾತು ನನಗೂ ಸೇರಿಸಿಯೇ ಅಂತ ಅರ್ಥವಾಯಿತು :) ಆದರೂ ಕಟ್ಟುನಿಟ್ಟಿನ ಅಳತೆ ಬೇಕಿದ್ದರೆ ಇರ್ವಿಂಗ್ ಗ್ರೀನ್‌ಬರ್ಗ್ ಹೇಳಿದ್ದೇ ಸರಿ. ಆರ್ಥಡಾಕ್ಸ್ ರಬ್ಬಿ, 1974ರಲ್ಲಿ ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಮಾತಾಡಿದ್ದು. ಉರಿಯುತ್ತಿರುವ ಮಕ್ಕಳ ಎದುರು ನಿಂತು ಹೇಳಲಾಗದ ಯಾವ ಮಾತನ್ನೂ ದೇವರ ಬಗ್ಗೆಯಾಗಲಿ ಇನ್ನೊಂದರ ಬಗ್ಗೆಯಾಗಲಿ ಹೇಳಬಾರದು. ಈ ಚರ್ಚೆಯಲ್ಲಿ ಬಂದ ಅರ್ಧ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಹುಣಸೆ ನೆರಳು

ಎಲ್ಲರೂ ಪುಸ್ತಕ ಬರೆದವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಸಾಮಾನ್ಯ ಧರ್ಮಭೀರು ಯಹೂದ್ಯ 'ದೇವರು ಎಲ್ಲಿ' ಅಂತ ಕೇಳಿದ್ದಕ್ಕಿಂತ 'ನಾನು ಈಗ ಏನು ಮಾಡಬೇಕು' ಅಂತ ರಬ್ಬಿಯನ್ನು ಕೇಳಿದ್ದೇ ಜಾಸ್ತಿ. ಅವರ ಧರ್ಮ ಇರುವುದೇ ಹಲಾಖಾದಲ್ಲಿ, ಅಂದರೆ ದಿನದಿನದ ವಿಧಿನಿಯಮದಲ್ಲಿ.

ಲಿಥುವೇನಿಯಾದ ಕೊವ್ನೋ ಗೆಟ್ಟೊದಲ್ಲಿ ಎಫ್ರಾಯಿಮ್ ಓಶ್ರಿ ಎಂಬ ರಬ್ಬಿಗೆ ಜನ ಕೇಳಿದ ಪ್ರಶ್ನೆಗಳು ಉಳಿದಿವೆ. ಸಿಮೆಂಟ್ ಚೀಲದಿಂದ ಹರಿದ ಕಾಗದದ ಮೇಲೆ ಗುರುತು ಹಾಕಿ, ಡಬ್ಬಿಗಳಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ತೆಗೆದು ಅಚ್ಚು ಹಾಕಿಸಿದರು. ಒಬ್ಬ ಕೇಳಿದ್ದು ಇದು. 'ನನ್ನನ್ನು ಗುಲಾಮನನ್ನಾಗಿ ಮಾಡದ ದೇವರಿಗೆ ಸ್ತೋತ್ರ' ಅಂತ ದಿನಾ ಬೆಳಿಗ್ಗೆ ಹೇಳಬೇಕಲ್ಲ, ನಾವೀಗ ಗುಲಾಮರೇ ತಾನೆ, ಸುಳ್ಳು ಹೇಳಿ ಪ್ರಾರ್ಥಿಸುವುದಾ? ಹೇಳಿ ಅಂದರು ಓಶ್ರಿ. ಮೈ ಅವರ ಕೈಯಲ್ಲಿದೆ, ಒಳಗಿನ ಸ್ವಾತಂತ್ರ್ಯ ನಿಮ್ಮದೇ. ಈಗಲೇ ಅದನ್ನು ಬಿಡಬಾರದು.

ಇನ್ನೊಂದು ಆಶ್‌ವಿಟ್ಜ್‌ನದು, 1944ರ ರೋಶ್ ಹಶಾನಾ, ಅವರ ಹೊಸ ವರ್ಷದ ದಿನ. ಸುಮಾರು 1,400 ಹುಡುಗರನ್ನು ಕೊಲ್ಲಲು ಆರಿಸಿ ಒಂದು ಬ್ಲಾಕ್‌ನಲ್ಲಿ ಕೂಡಿಹಾಕಿದ್ದರು. ಒಬ್ಬ ತಂದೆಯ ಬಳಿ ಕಾಪೋಗಳಿಗೆ, ಅಂದರೆ ಕೈದಿಗಳಲ್ಲೇ ಆರಿಸಿದ ಮೇಲ್ವಿಚಾರಕರಿಗೆ, ಲಂಚ ಕೊಟ್ಟು ಒಬ್ಬನೇ ಮಗನನ್ನು ಬಿಡಿಸುವಷ್ಟು ಇತ್ತು. ಆದರೆ ಲೆಕ್ಕ ಸರಿಯಾಗಬೇಕಲ್ಲ. ಇವನನ್ನು ಬಿಟ್ಟರೆ ಇನ್ನೊಬ್ಬ ಹುಡುಗನನ್ನು ಹಿಡಿದು ಒಳಗೆ ತಳ್ಳುತ್ತಾರೆ. ಆತ ಅಲ್ಲೇ ಇದ್ದ ರಬ್ಬಿ ಜ್ವಿ ಹಿರ್ಶ್ ಮೈಸೆಲ್ಸ್ ಬಳಿ ಬಂದು ಕೇಳಿದ, ಬಿಡಿಸಬಹುದಾ? ಧರ್ಮ ಏನು ಹೇಳುತ್ತದೋ ಹಾಗೇ ಮಾಡುತ್ತೇನೆ. ಮೈಸೆಲ್ಸ್ ನಡುಗಿಹೋದರು. ನನ್ನ ಬಳಿ ಗ್ರಂಥ ಇಲ್ಲ, ಕೇಳಲು ಬೇರೆ ರಬ್ಬಿಗಳಿಲ್ಲ, ಇದನ್ನು ನನ್ನನ್ನು ಕೇಳಬೇಡ ಅಂತ ಬೇಡಿಕೊಂಡರು. ಕೊನೆಗೆ ತಂದೆಯೇ ಹೇಳಿದ. ತಪ್ಪಿಲ್ಲ ಅಂತಿದ್ದರೆ ನೀವು ಹೇಳಿಯೇ ಬಿಡುತ್ತಿದ್ದಿರಿ. ಹೇಳುತ್ತಿಲ್ಲ ಅಂದರೆ ಧರ್ಮ ಒಪ್ಪುವುದಿಲ್ಲ ಅಂತಲೇ ಅರ್ಥ. ಬಿಡಿಸಲಿಲ್ಲ. ಅಬ್ರಹಾಮ ಇಸಾಕನನ್ನು ಕೊಟ್ಟ ಹಾಗೆ ನಾನೂ ಕೊಟ್ಟೆ ಅಂತ ಆ ದಿನವಿಡೀ ಹೇಳಿಕೊಳ್ಳುತ್ತಿದ್ದ. ಮೈಸೆಲ್ಸ್ ಬದುಕಿ ಉಳಿದು, ಮುಂದೆ ಶಿಕಾಗೋದಲ್ಲಿದ್ದಾಗ ಇದನ್ನು ಬರೆದರು.

ಸುಮ್ನೆ ಕೇಳ್ದೆ

ಇದನ್ನು ಓದಿ ನನಗೆ ಭಕ್ತಿ ಬರಲಿಲ್ಲ, ಕೋಪ ಬಂತು. ಆ ಹುಡುಗನನ್ನು ಯಾರಾದರೂ ಕೇಳಿದರಾ?

ಹುಣಸೆ ನೆರಳು

ನನಗೂ ಅದೇ ಕೋಪ. ಆದರೆ ಸಿಗಬಹುದಿದ್ದ ಆ ಇನ್ನೊಬ್ಬ ಹುಡುಗನನ್ನು ಲೆಕ್ಕಕ್ಕೆ ತೆಗೆದುಕೊಂಡ ಒಬ್ಬ ಮನುಷ್ಯ ಆ ಜಾಗದಲ್ಲಿದ್ದ. ಹಿಂದಿನ ಧರ್ಮಸಂಹಿತೆಗಳನ್ನು ಓದಿಯೇ ಅವನು ಹಾಗಾದದ್ದು. ನಿನ್ನ ರಕ್ತ ಅವನ ರಕ್ತಕ್ಕಿಂತ ಕೆಂಪು ಅಂತ ಯಾರು ಹೇಳಿದರು ಅಂತ ತಲ್ಮೂದ್ ಕೇಳುತ್ತದೆ. ಆ ತಂದೆಗೆ ಅದು ಬಾಯಿಪಾಠ ಇದ್ದಿರಬೇಕು.

ವಿಸ್ತುಲಾ ತೀರ

ನಾನು ಕೆಲಸದ ಮೇಲೆ ವಾರ್ಸಾದಲ್ಲಿದ್ದೇನೆ, ಊರು ಹಾಸನ ಕಡೆ. ಶಪೀರಾ ಅವರ ಹಾಳೆ ಹೂತಿಟ್ಟದ್ದು ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರನ ಗುಪ್ತ ತಂಡ. ಗೆಟ್ಟೊದ ಕಾಗದಪತ್ರಗಳನ್ನೆಲ್ಲ ಸೇರಿಸಿ ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಇಟ್ಟರು. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು, ಕ್ಯಾನುಗಳು 1950ರ ಡಿಸೆಂಬರಿನಲ್ಲಿ. ಮೂರನೇ ಭಾಗ ಇನ್ನೂ ಸಿಕ್ಕಿಲ್ಲ. ಇಲ್ಲಿನ ಯಹೂದ್ಯ ಇತಿಹಾಸ ಸಂಸ್ಥೆಯಲ್ಲಿ ಒಂದು ಕ್ಯಾನ್ ಇಟ್ಟಿದ್ದಾರೆ. ನಮ್ಮ ಡೈರಿಗೆ ಹೊತ್ತು ಹೋಗುವ ಕ್ಯಾನಿನಷ್ಟೇ ದೊಡ್ಡದು, ಮೈಯೆಲ್ಲ ತುಕ್ಕು. ಪಕ್ಕದಲ್ಲಿದ್ದ ದೊಡ್ಡ ಸಿನಗಾಗನ್ನು, ಅಂದರೆ ಪ್ರಾರ್ಥನಾ ಮಂದಿರವನ್ನು, 1943ರ ಮೇ 16ರಂದು ನಾಜಿಗಳು ಸ್ಫೋಟಿಸಿದಾಗ ಈ ಕಟ್ಟಡದ ಒಳಗೂ ಬೆಂಕಿ ಹೊಕ್ಕಿತ್ತು. ಹಜಾರದ ಕಲ್ಲುನೆಲದಲ್ಲಿ ಆ ಸುಟ್ಟ ಕಲೆಗಳನ್ನು ಹಾಗೇ ಬಿಟ್ಟಿದ್ದಾರೆ, ಅದರ ಮೇಲೆ ನಡೆದೇ ಒಳಗೆ ಹೋಗಬೇಕು.

ಶಪೀರಾ ಹಾಳೆಗಳ ಜೊತೆ ಒಂದು ಪತ್ರವೂ ಇತ್ತು. ಸಿಕ್ಕಿದವರು ಇದನ್ನು ಟೆಲ್ ಅವೀವ್‌ನಲ್ಲಿರುವ ತಮ್ಮನಿಗೆ ತಲುಪಿಸಿ ಅಂತ.

ಬಯಲುಸೀಮೆ

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷಿಸಿರಲಿಲ್ಲ. ಇನ್ನೊಂದೇ ಪ್ರಶ್ನೆ. ಇದಕ್ಕೆ ಅವರ ಪಂಚಾಂಗದಲ್ಲಿ ದಿನ ಇದೆಯಾ?

ಹಳೇ ಓದುಗ

ಇದೆ, ಅದರಲ್ಲೂ ಜಗಳ ಇದೆ. ಇಸ್ರೇಲ್ ಸಂಸತ್ತು 1951ರಲ್ಲಿ ನಿಸಾನ್ ತಿಂಗಳ 27 ಅಂತ ಗೊತ್ತು ಮಾಡಿತು. ಬೆಳಿಗ್ಗೆ ಹತ್ತಕ್ಕೆ ಎರಡು ನಿಮಿಷ ಸೈರನ್, ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಕಟ್ಟಾ ಸಂಪ್ರದಾಯದವರಲ್ಲಿ ಬಹಳ ಜನ ಇದನ್ನು ಒಪ್ಪಿಲ್ಲ. ನಿಸಾನ್ ಅಂದರೆ ಪಸ್ಕ ಹಬ್ಬದ ತಿಂಗಳು, ಅದರಲ್ಲಿ ಶೋಕ ಕೂಡದು. ಜೊತೆಗೆ, ನಮಗೆ ಆಗಲೇ ತಿಶಾ ಬಾವ್ ಇದೆಯಲ್ಲ ಅನ್ನುತ್ತಾರೆ. ಎರಡೂ ದೇವಾಲಯ ಬಿದ್ದ ದಿನ, ಉಪವಾಸ ಇದ್ದು, ನೆಲದ ಮೇಲೆ ಕೂತು, ಮಂದ ಬೆಳಕಿನಲ್ಲಿ ಪ್ರಲಾಪಗಳನ್ನು ಓದುವ ದಿನ. ಹಾಗಾಗಿ 60 ಲಕ್ಷದವರಿಗೂ ಹೊಸ ಶೋಕಗೀತೆ ಬರೆದು ಅದಕ್ಕೇ ಸೇರಿಸಿಕೊಂಡಿದ್ದಾರೆ.

ಕಾಗದದ ದೋಣಿ

ಹಾಗೆ ಸೇರಿಸಿದರೆ ಶಪೀರಾ ಬರೆದ ಟಿಪ್ಪಣಿಗೆ ವಿರುದ್ಧ ಆಗಲ್ವಾ? ಅದಕ್ಕೆ ಸಾಟಿಯೇ ಇಲ್ಲ ಅಂದಮೇಲೆ ಹಳೆಯ ದುಃಖದ ಪಟ್ಟಿಯಲ್ಲಿ ಅದೂ ಒಂದು ಹೇಗಾಗುತ್ತದೆ?

ಹಳೇ ಓದುಗ

ಆಗುತ್ತದೆ, ಅದಕ್ಕೇ ನನಗೆ ನಿಸಾನ್ 27 ಸರಿ ಅನ್ನಿಸುತ್ತದೆ.

ಹುಣಸೆ ನೆರಳು

ನನಗೆ ಅನ್ನಿಸಲ್ಲ. ಸೈರನ್‌ಗೆ ಪ್ರಾರ್ಥನೆ ಇಲ್ಲ, ಉಪವಾಸ ಇಲ್ಲ. ಸರ್ಕಾರ ಮರೆತರೆ ಆ ದಿನವೂ ಹೋಯಿತು. ತಿಶಾ ಬಾವ್ ಯಾವ ಸರ್ಕಾರವೂ ಇಲ್ಲದೆ ಇಷ್ಟು ಶತಮಾನ ನಡೆದಿದೆ. ಇನ್ನೊಂದು ದಿನವೂ ಇದೆ, ಯಾರೂ ಹೇಳಲಿಲ್ಲ. ತೇವೆತ್ ತಿಂಗಳ 10, ಹಳೆಯ ಉಪವಾಸದ ದಿನವೇ. ಸತ್ತ ತಾರೀಖು ಗೊತ್ತಿಲ್ಲದವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿ ಮಂಡಳಿ ಅದನ್ನು ಗೊತ್ತು ಮಾಡಿತು. ಅಪ್ಪ ಅಮ್ಮ ಸತ್ತ ದಿನ ಪ್ರತಿ ವರ್ಷ ಕದ್ದೀಶ್ ಹೇಳಬೇಕು, ಆದರೆ ಎಂದು ಸತ್ತರು ಅಂತ ತಿಳಿಯದವರು ಏನು ಮಾಡಬೇಕು? ಆ ಪ್ರಶ್ನೆಗೆ ಈ ದಿನ ಉತ್ತರ.

ಬಯಲುಸೀಮೆ

ಕದ್ದೀಶ್‌ನಲ್ಲಿ ಏನಿದೆ? ಆತ್ಮಕ್ಕೆ ಶಾಂತಿ ಕೋರುವ ಥರದ್ದಾ?

ಹುಣಸೆ ನೆರಳು

ಅಲ್ಲ. ಸಾವಿನ ಮಾತೇ ಅದರಲ್ಲಿಲ್ಲ. ಬಹುಪಾಲು ದೇವರ ಹೆಸರು ದೊಡ್ಡದಾಗಲಿ ಅನ್ನುವ ಸ್ತುತಿ. ಒಬ್ಬನೇ ಹೇಳುವಂತಿಲ್ಲ, 'ಆಮೆನ್' ಅನ್ನಲು ಹತ್ತು ಜನ ಸೇರಬೇಕು.

ಎಡಬದಿಯ ಬೆಂಚು

ಆ ಹತ್ತರಲ್ಲಿ ನನ್ನಂಥವನನ್ನು ಸೇರಿಸಿಕೊಳ್ಳುತ್ತಾರಾ?

ಹುಣಸೆ ನೆರಳು

ಯಹೂದ್ಯನಾಗಿದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ನಂಬಿಕೆ ಇದೆಯಾ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ, ಹತ್ತು ಆಯಿತಾ ಅಂತ ಮಾತ್ರ ಎಣಿಸುತ್ತಾರೆ.